ಶಿವನಸಮುದ್ರದ ವಿದ್ಯುತ್ತು ಮತ್ತು ಕೋಲಾರದ ಗಣಿಗಳು

ಹೊಸ ಯಂತ್ರವು ಉದ್ಯಮವೊಂದನ್ನು ತಾನಾಗಿಯೇ ಮಾರ್ಪಡಿಸಲಾರದು. ಅದರ ವೆಚ್ಚವನ್ನೂ ಅಪಾಯವನ್ನೂ ಯಾರು ಹೊರಬೇಕೆಂಬುದು ಮೊದಲು ನಿಶ್ಚಯವಾಗಬೇಕು. ಶಿವನಸಮುದ್ರದ ವಿದ್ಯುತ್ ಯೋಜನೆಯ ಚರಿತ್ರೆ ಇದಕ್ಕೆ ನಿದರ್ಶನ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳನ್ನೇ ನಂಬಿದ್ದುವು. ಇಂಧನವನ್ನು ದೂರದಿಂದ ತರಿಸಬೇಕಾಗಿದ್ದಿತು. 1896ರಲ್ಲಿ ನಯಾಗರಾದ ವಿದ್ಯುತ್ತು ಬಫಲೋ ನಗರವನ್ನು ಮುಟ್ಟಿದ್ದಿತಾದರೂ ಆ ದೂರ ಮೂವತ್ತು ಮೈಲಿಗಿಂತ ಕಡಿಮೆ. ಕಾವೇರಿಯಿಂದ ಕೋಲಾರದ ಗಣಿಗಳಿಗೆ ಸುಮಾರು 92 ಮೈಲಿ. ಆದರೂ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಇಂಜಿನಿಯರ್ ಜೋಲಿ ದ ಲಾಟ್ಬಿನಿಯೇರ್ ಅವರ ಯೋಜನೆಯನ್ನು ಕೈಗೆತ್ತಿಕೊಂಡರು. ನಿರ್ಮಾಣದ ಹೊಣೆಯನ್ನು ಮೈಸೂರು ಸರ್ಕಾರ ಹೊತ್ತಿತು. ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿದ್ದ ಗಣಿ ಕಂಪನಿಗಳು ವಿದ್ಯುತ್ತನ್ನು ಕೊಳ್ಳುವುದಾಗಿ ಮುಂಚಿತವಾಗಿಯೇ ಕರಾರು ಮಾಡಿಕೊಂಡುವು. ಈ ನಿರ್ಧಾರದ ವಿವೇಕವನ್ನು ಯಂತ್ರಗಳ ಆಯ್ಕೆಗಿಂತಲೂ ಮಿಗಿಲಾಗಿ ಆ ಕರಾರಿನಲ್ಲಿ ಕಾಣಬೇಕು.

1902ರ ಜೂನ್ ತಿಂಗಳಿನಲ್ಲಿ ವಿದ್ಯುತ್ತು ಗಣಿಗಳನ್ನು ತಲಪಿತು. ಹಿಂದಿನ ವರ್ಷವೇ ತೀರಿಕೊಂಡಿದ್ದ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲಿಲ್ಲ. 1905ರಲ್ಲಿ ಬೆಂಗಳೂರಿಗೂ ವಿದ್ಯುದ್ದೀಪ ಬಂದಿತು.

ಆದರೆ ನದಿ ಕರಾರಿಗೆ ಒಳಪಟ್ಟುದಲ್ಲ. ಬೇಸಗೆಯಲ್ಲಿ ಹರಿವು ತಗ್ಗಿದರೂ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಲೇಬೇಕಾಗಿದ್ದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿಗೆ ನೀರಾವರಿಯಂತೆಯೇ ಈ ಅಗತ್ಯವೂ ಕಾರಣವಾಯಿತು. ಅಣೆಕಟ್ಟಿನ ಸಂಬಂಧವಾಗಿ ಮದರಾಸಿನೊಡನೆ ಎದ್ದ ವಿವಾದ 1924ರ ಒಪ್ಪಂದಕ್ಕೆ ಎಡೆಮಾಡಿತು. ಗಣಿಗಳು 2001ರಲ್ಲಿ ಮುಚ್ಚಿದುವು. ಕಾವೇರಿಯ ನೀರಿನ ಪ್ರಶ್ನೆ ಅವುಗಳೊಡನೆ ಮುಗಿಯಲಿಲ್ಲ. ಆದುದರಿಂದ ಇಂತಹ ನಿರ್ಧಾರಗಳ ಬೆಲೆಯನ್ನು ಕಂಪನಿಗಳ ಲೆಕ್ಕದಿಂದ ಮಾತ್ರವೇ ಅಳೆಯುವುದು ಚರಿತ್ರಕಾರನಿಗೆ ಸಲ್ಲದು.