ಭೂತರೂಪದಿಂದ ಸಂಭಾವನೆ: ಒಂದು ಫ್ರೆಂಚ್ ಕ್ರಿಯಾರೂಪವೂ ಮಂಗಳೂರಿನ ವ್ಯಾಕರಣಗಳೂ

ಮಂಗಳೂರು ನಗರದ ಮಣ್ಣಗುಡ್ಡದಲ್ಲಿ ಬೆಳೆಯುವ ಬಾಲಕನಿಗೆ ವ್ಯಾಕರಣವು ಪುಸ್ತಕದಿಂದ ಮೊದಲಾಗುವುದಿಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೀಗೆ ಮೂರು ಭಾಷೆಗಳ ಕ್ರಿಯಾಪದಗಳನ್ನು ಅವನು ಲಕ್ಷಣವನ್ನರಿಯುವುದಕ್ಕೆ ಮೊದಲೇ ಬಳಸಬಲ್ಲನು. ಅಂತಹವನು ಮುಂದೆ ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದಾಗ, ಎಲ್ಲಕ್ಕಿಂತ ಕಠಿಣವೆಂದು ಹೆಸರಾದ ಒಂದು ಕ್ರಿಯಾರೂಪವು ಅವನಿಗೆ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಎನಿಸುವ ಈ ರೂಪವನ್ನು ಇಲ್ಲಿ ‘ಭೂತ ಸಬ್ಜಂಕ್ಟಿವ್’ ಎಂದು ಕರೆದಿದೆ. ಇದರ ಚರಿತ್ರೆಯನ್ನು ಮಂಗಳೂರಿನಲ್ಲಿ ಹುಟ್ಟಿದ ವ್ಯಾಕರಣಗಳೊಡನೆ ಇಟ್ಟು ನೋಡಿದರೆ, ಕನ್ನಡದ ಸಂಭಾವನಾರ್ಥಕ ರೂಪದ ಸ್ವಭಾವವೂ ಸ್ಪಷ್ಟವಾಗುತ್ತದೆ.

ಫ್ರೆಂಚ್ ಭಾಷೆಗೂ ಮಂಗಳೂರಿಗೂ ಇರುವ ಸಂಬಂಧವು ಹೊಸತಲ್ಲ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನು ಮಂಗಳೂರಿಗೆ ಬಂದಿಳಿದು ಅಲ್ಲಿಂದ ಟಿಪ್ಪು ಸುಲ್ತಾನನ ಆಸ್ಥಾನವನ್ನು ಸೇರಿದುದು ಇತಿಹಾಸಜ್ಞರಿಗೆ ತಿಳಿದ ವಿಷಯವೇ. ಆದರೆ ಭಾಷೆಯು ನೆಲೆಯೂರುವುದು ಸೈನಿಕರಿಂದಲ್ಲ, ಶಿಕ್ಷಕರಿಂದ. 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಸ್ಥಾಪಿತವಾದ ಅಪೋಸ್ತಲಿಕ್ ಕಾರ್ಮೆಲ್ ಸಂನ್ಯಾಸಿನಿಯರ ಸಂಘದವರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕೈಗೊಂಡರು. ಅವರನ್ನು ಬರಮಾಡಿಕೊಂಡ ಬಿಷಪ್ ಮೇರಿ ಎಫ್ರೆಂ ಗಾರೆಲೋನರೂ ಫ್ರೆಂಚರೇ. 1878ರ ಕೊನೆಯಲ್ಲಿ ಇಟಲಿಯ ಜೆಸುವಿಟ್ ಪಾದ್ರಿಗಳು ಬಂದರು; 1880ರಲ್ಲಿ ಸಂತ ಅಲೋಸಿಯಸ್ ಕಾಲೇಜು ಆರಂಭವಾಯಿತು. ಇವರಿಗಿಂತ ಮುಂಚೆಯೇ, 1834ರಲ್ಲಿ, ಬಾಸೆಲ್ ಮಿಶನ್ನಿನ ಜರ್ಮನ್ ಭಾಷಿಕರು ಇಲ್ಲಿ ನೆಲೆಸಿದ್ದರು. ಈ ಮೂರು ಪಂಗಡದವರ ಮಾತೃಭಾಷೆಗಳಲ್ಲಿಯೂ ಸಬ್ಜಂಕ್ಟಿವ್ ಎಂಬ ಕ್ರಿಯಾಭೇದವಿದ್ದುದು ಗಮನಾರ್ಹವಾದುದು.

ಮೊದಲು ಫ್ರೆಂಚ್ ರೂಪದ ರಚನೆಯನ್ನು ನೋಡಬಹುದು. ‘ಹಾಡು’ ಎಂಬರ್ಥದ ‘ಶಾಂತೆ’ ಧಾತುವಿನ ಸರಳಭೂತದಲ್ಲಿ ಮಧ್ಯಮಪುರುಷ ಏಕವಚನರೂಪವು ‘ಶಾಂತಾ’. ಬರಹದಲ್ಲಿ ಅದರ ಕೊನೆಗೆ ಉಚ್ಚಾರವಿಲ್ಲದ ಸಕಾರವೊಂದುಂಟು. ಅದಕ್ಕೆ ‘ಸ್’ ಕಾರಯುಕ್ತವಾದ ಪ್ರತ್ಯಯಗಳು ಸೇರಿ ‘ಶಾಂತಾಸ್’, ‘ಶಾಂತಾಸಿಯೋಂ’, ‘ಶಾಂತಾಸಿಯೆ’ ಎಂಬ ರೂಪಗಳಾಗುತ್ತವೆ. ಪ್ರಥಮಪುರುಷ ಏಕವಚನದಲ್ಲಿ ಮಾತ್ರ ಆ ‘ಸ್’ ಇಲ್ಲ. ಸ್ವರದ ಮೇಲೆ ಟೋಪಿಯಂತಹ ಒಂದು ಚಿಹ್ನೆಯೂ ಕೊನೆಗೆ ಉಚ್ಚಾರವಿಲ್ಲದ ತಕಾರವೂ ಉಳಿದಿವೆ. ಈ ಚಿಹ್ನೆಯು ಅಲಂಕಾರವಲ್ಲ. ಹಿಂದೆ ಅಲ್ಲಿ ಬರೆಯುತ್ತಿದ್ದ ಸಕಾರವು ಉಚ್ಚಾರದಲ್ಲಿ ಅಳಿದುಹೋದುದರ ಗುರುತು ಅದು. ಇಂತಹ ಅನೇಕ ಸಕಾರಗಳನ್ನು ಫ್ರೆಂಚ್ ಅಕಾಡೆಮಿಯು 1740ರ ತನ್ನ ನಿಘಂಟಿನಲ್ಲಿ ಕೈಬಿಟ್ಟಿತು. 1990ರ ಲಿಪಿಸುಧಾರಣೆಯಲ್ಲಿ ಇಕಾರ ಉಕಾರಗಳ ಮೇಲಣ ಈ ಚಿಹ್ನೆಯನ್ನು ಬಹಳ ಕಡೆ ಬಿಡಬಹುದೆಂದು ಹೇಳಿದರೂ, ಈ ಕ್ರಿಯಾರೂಪದಲ್ಲಿ ಅದನ್ನು ಉಳಿಸಿಕೊಂಡರು. ಏಕೆಂದರೆ ‘ಬಂದನು’ ಎಂಬರ್ಥದ ಸರಳಭೂತಕ್ಕೂ ಈ ರೂಪಕ್ಕೂ ಕಿವಿಗೆ ಭೇದವಿಲ್ಲ; ಕಣ್ಣಿಗೆ ಕಾಣುವ ಭೇದವು ಆ ಒಂದು ಚಿಹ್ನೆಯೇ.

ಈ ರೂಪದ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ. ಆದರೆ ಲ್ಯಾಟಿನ್ನಿನ ‘ಕಾಂತಾರೆಂ’ ಎಂಬ ಭೂತ ಸಬ್ಜಂಕ್ಟಿವ್ ಫ್ರೆಂಚಿಗೆ ಇಳಿದುಬರಲಿಲ್ಲ. ಅದಕ್ಕಿಂತಲೂ ಹಿಂದಿನ ಕಾಲವನ್ನು ಸೂಚಿಸುತ್ತಿದ್ದ ‘ಕಾಂತಾವಿಸ್ಸೆಂ’ ಎಂಬುದು ‘ಕಾಂತಾಸ್ಸೆಂ’ ಎಂದು ಸಂಕುಚಿತವಾಗಿ ಆ ಸ್ಥಾನವನ್ನು ಆಕ್ರಮಿಸಿತು. ಅದರಿಂದಲೇ ಫ್ರೆಂಚಿನ ‘ಶಾಂತಾಸ್’, ಇಟಾಲಿಯನ್ನಿನ ‘ಕಾಂತಾಸ್ಸಿ’, ಪೋರ್ತುಗೀಸಿನ ‘ಕಾಂತಾಸ್ಸೆ’ ಎಂಬಿವು ಹುಟ್ಟಿದುವು. ಇವುಗಳಲ್ಲಿ ಇಟಾಲಿಯನ್ ಮತ್ತು ಪೋರ್ತುಗೀಸ್ ರೂಪಗಳು ಇಂದಿಗೂ ಜನರ ಮಾತಿನಲ್ಲಿ ಜೀವಂತವಾಗಿವೆ. ಫ್ರೆಂಚ್ ರೂಪವೊಂದೇ ಗ್ರಂಥಸ್ಥವಾಗಿ ಉಳಿದಿದೆ. 1901ರಲ್ಲಿ ಫ್ರಾನ್ಸಿನ ವಿದ್ಯಾಮಂತ್ರಿ ಜಾರ್ಜ್ ಲೇಗ್ ಹೊರಡಿಸಿದ ಆಜ್ಞೆಯು, ಕೆಲವು ಪ್ರಯೋಗಗಳಲ್ಲಿ ಇದಕ್ಕೆ ಬದಲಾಗಿ ವರ್ತಮಾನ ಸಬ್ಜಂಕ್ಟಿವ್ ಬರೆದ ವಿದ್ಯಾರ್ಥಿಯನ್ನು ಪರೀಕ್ಷೆಯಲ್ಲಿ ತಪ್ಪಿತಸ್ಥನೆಂದು ಎಣಿಸಬಾರದೆಂದು ವಿಧಿಸಿತು. 1976ರ ಮತ್ತೊಂದು ಆಜ್ಞೆಯು ಈ ಸಡಿಲಿಕೆಯನ್ನು ವಿಸ್ತರಿಸಿತು. ಸರಳಭೂತವೇ ಮಾತಿನಿಂದ ಮರೆಯಾದ ಮೇಲೆ ಅದರ ಮೇಲೆ ನಿಂತ ರೂಪವು ನಿಲ್ಲಲಾರದಾಯಿತು. ‘ಶಾಂತಾಸಿಯೋಂ’ ಎಂಬಂತಹ ಉದ್ದವಾದ ರೂಪಗಳು ನಗೆಗೀಡಾದುವು. ಕಿವಿಗೆ ಬೇರೆಯೆಂದು ತೋರದ ಪ್ರಥಮಪುರುಷರೂಪವು ಮಾತ್ರ ಸಾಹಿತ್ಯದಲ್ಲಿ ಉಳಿದುಕೊಂಡಿತು.

ಸಂಸ್ಕೃತವನ್ನು ಬಲ್ಲವರಿಗೆ ಇದು ಅಪೂರ್ವವಾದ ಸಂಗತಿಯಲ್ಲ. ವೇದದಲ್ಲಿ ಹೇರಳವಾಗಿರುವ ಲೇಟ್ ಲಕಾರವು ಸಬ್ಜಂಕ್ಟಿವ್ ಸ್ವಭಾವದ್ದೇ. ಪಾಣಿನಿಯು ಅದನ್ನು ಛಂದಸ್ಸಿಗೆ ಮಾತ್ರ ಸೀಮಿತಗೊಳಿಸಿದನು. ನಡೆಯದೆ ಹೋದ ಕ್ರಿಯೆಯನ್ನು ಹೇಳುವ ಲೃಙ್ ಲಕಾರದಲ್ಲಿ ಭವಿಷ್ಯದ ‘ಸ್ಯ’ಕಾರದ ಮುಂದುಗಡೆ ಭೂತಕಾಲದ ಅಡಾಗಮವು ಸೇರುವುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಮಂಗಳೂರಿನ ವ್ಯಾಕರಣಗಳಿಗೆ ಬರಬಹುದು. 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣವೂ ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ ಶಬ್ದಮಣಿದರ್ಪಣವೂ ಮಂಗಳೂರಿನಲ್ಲಿ ಪ್ರಕಟವಾದುವು. 1882ರಲ್ಲಿ ಇಟಲಿಯ ಜೆಸುವಿಟ್ ಮಾಫೆಯವರ ಕೊಂಕಣಿ ವ್ಯಾಕರಣವು ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಮತದಲ್ಲಿ ಪರಸ್ಪರ ವಿರುದ್ಧರಾದ ಎರಡು ಪಂಗಡದವರು ವ್ಯಾಕರಣದ ವಿಷಯದಲ್ಲಿ ಒಂದೇ ಅಚ್ಚುಮೊಳೆಗಳನ್ನು ಹಂಚಿಕೊಂಡುದು ಸ್ಮರಣೀಯ. 1894ರಲ್ಲಿ ಕಿಟ್ಟೆಲರ ನಿಘಂಟೂ 1903ರಲ್ಲಿ ಅವರ ಕನ್ನಡ ವ್ಯಾಕರಣವೂ ಹೊರಬಿದ್ದುವು. ಇವರೆಲ್ಲರೂ ಎದುರಿಸಿದ ಪ್ರಶ್ನೆ ಒಂದೇ: ಯೂರೋಪಿನ ಕ್ರಿಯಾಭೇದಗಳ ಹೆಸರುಗಳನ್ನು ಈ ಭಾಷೆಗಳಿಗೆ ತೊಡಿಸುವುದೋ, ಅಥವಾ ಈ ಭಾಷೆಗಳಲ್ಲಿ ಕಂಡ ರೂಪಗಳಿಗೆ ಅವುಗಳ ಅರ್ಥಕ್ಕನುಗುಣವಾದ ಹೆಸರನ್ನು ಹುಡುಕುವುದೋ?

ಕನ್ನಡದಲ್ಲಿ ಈ ಪ್ರಶ್ನೆಯು ತೀವ್ರವಾಗುವುದು ಬಂದೇನು, ಬಂದೇವು, ಬಂದೀಯೆ, ಬಂದೀರಿ, ಬಂದಾನು, ಬಂದಾಳು, ಬಂದಾರು, ಬಂದೀತು, ಬಂದಾವು ಎಂಬ ರೂಪಗಳಲ್ಲಿ. ಇವುಗಳ ಅರ್ಥವು ಇನ್ನೂ ನಡೆಯದ, ನಡೆದರೂ ನಡೆಯಬಹುದಾದ ಕ್ರಿಯೆ. ಆದರೆ ಇವು ನಿಂತಿರುವುದು ‘ಬರು’ ಎಂಬುದರ ಮೇಲಲ್ಲ, ‘ಬಂದ್’ ಎಂಬ ಭೂತಪ್ರಕೃತಿಯ ಮೇಲೆ. ‘ಬಂದರೆ’ ಎಂಬ ಪಕ್ಷಾರ್ಥಕದ ನೆಲೆಯೂ ಅದೇ. ಫ್ರೆಂಚಿನ ಭೂತ ಸಬ್ಜಂಕ್ಟಿವ್ ಸರಳಭೂತದ ಮೇಲೆ ನಿಂತಿದೆ. ಕಿಟ್ಟೆಲರ ಮಾತೃಭಾಷೆಯಾದ ಜರ್ಮನ್ನಿನಲ್ಲಿಯೂ ‘ಕಾಮ್’ ಎಂಬ ಭೂತರೂಪದಿಂದಲೇ, ಸ್ವರವಿಕಾರದೊಡನೆ, ‘ಕೇಮೆ’ ಎಂಬ ಸಂಭಾವನಾರೂಪವು ಹುಟ್ಟುತ್ತದೆ. ಕುಲಸಂಬಂಧವಿಲ್ಲದ ಭಾಷೆಗಳಲ್ಲಿ ಈ ಸಾಮ್ಯವು ಎರವಲಿನಿಂದ ಬಂದುದಲ್ಲ. ಕಣ್ಣೆದುರಿನ ವರ್ತಮಾನದಿಂದ ಕ್ರಿಯೆಯನ್ನು ದೂರವಿರಿಸುವುದಕ್ಕೆ ಭಾಷೆಯು ಭೂತಕಾಲದ ಗುರುತನ್ನೇ ಉಪಯೋಗಿಸುತ್ತದೆ ಎಂಬುದು ಇದರ ತಾತ್ಪರ್ಯವೆಂದು ತೋರುತ್ತದೆ.

ಹೀಗಿದ್ದರೂ ‘ಬಂದಾನು’ ಎಂಬುದೇ ಫ್ರೆಂಚ್ ರೂಪಕ್ಕೆ ಸರಿಯಾದ ಕನ್ನಡವೆಂದು ಹೇಳಿದರೆ ದೊಡ್ಡ ಪ್ರಮಾದವಾಗುತ್ತದೆ. ಫ್ರೆಂಚ್ ರೂಪವು ಬಹುಮಟ್ಟಿಗೆ ಅಧೀನವಾಕ್ಯದಲ್ಲಿ ಬರುವುದು. ಕನ್ನಡದ ರೂಪವು ಸ್ವತಂತ್ರವಾಗಿ ವಾಕ್ಯವನ್ನು ಮುಗಿಸಬಲ್ಲದು. ಒಂದೇ ಫ್ರೆಂಚ್ ರೂಪವನ್ನು ಕನ್ನಡಿಸುವಾಗ ಇಚ್ಛೆಯಿದ್ದಲ್ಲಿ ‘ಅವನು ಬರಲೆಂದು ಬಯಸಿದಳು’ ಎಂದೂ, ವಿರೋಧವಿದ್ದಲ್ಲಿ ‘ಅವನು ಬಂದರೂ’ ಎಂದೂ, ಉದ್ದೇಶವಿದ್ದಲ್ಲಿ ‘ಅವನು ಬರುವಂತೆ’ ಎಂದೂ, ಪೂರ್ವಕಾಲವಿದ್ದಲ್ಲಿ ‘ಅವನು ಬರುವುದಕ್ಕೆ ಮೊದಲು’ ಎಂದೂ ಹೇಳಬೇಕಾಗುತ್ತದೆ. ಭಯವಿದ್ದಲ್ಲಿ ಮಾತ್ರ ‘ಅವನು ಬಂದಾನೆಂದು ಹೆದರಿದಳು’ ಎಂಬಲ್ಲಿ ಎರಡು ರೂಪಗಳೂ ಸರಿಯಾಗಿ ಸಂಧಿಸುತ್ತವೆ.

ವಿದ್ಯಾರ್ಥಿಗೆ ನಿಜವಾಗಿ ಕಷ್ಟವಾಗುವುದು ಪ್ರತ್ಯಯಗಳ ಪಟ್ಟಿಯಲ್ಲ, ಬೇರೊಂದು. ‘ಬರಲೆಂದು ಬಯಸುತ್ತಾಳೆ’, ‘ಬರಲೆಂದು ಬಯಸಿದಳು’ ಎಂಬೆರಡರಲ್ಲಿಯೂ ‘ಬರಲಿ’ ಎಂಬುದು ಬದಲಾಗದು. ‘ಎಂದು’ ಎಂಬ ಪದವು ಬಯಸಿದವಳ ಮನಸ್ಸಿನ ಮಾತನ್ನು ಇದ್ದಂತೆಯೇ ಹಿಡಿದಿಡುತ್ತದೆ. ಕೊಂಕಣಿಯ ‘ಮ್ಹಣ್’, ತುಳುವಿನ ‘ಪಂದ್’ ಎಂಬಿವುಗಳ ಕೆಲಸವೂ ಇದೇ. ಶಾಸ್ತ್ರೀಯ ಫ್ರೆಂಚಿನಲ್ಲಾದರೋ ಮುಖ್ಯಕ್ರಿಯೆಯು ಭೂತವಾದೊಡನೆ ಅಧೀನಕ್ರಿಯೆಯೂ ಭೂತರೂಪಕ್ಕೆ ಬಾಗಬೇಕು. ಮಣ್ಣಗುಡ್ಡದ ಬಾಲಕನ ಮೂರು ಭಾಷೆಗಳೂ ಈ ವಿಷಯದಲ್ಲಿ ಒಂದೇ ಪಕ್ಷದಲ್ಲಿರುವುದರಿಂದ, ಆ ನಿಯಮವು ಅವನಿಗೆ ಮೂರು ಪಟ್ಟು ಅಪರಿಚಿತವಾಗಿರುತ್ತದೆ. ಇದನ್ನು ಮೊದಲೇ ತಿಳಿಸಿ ಪಟ್ಟಿಯನ್ನು ಆಮೇಲೆ ಕೊಟ್ಟರೆ ಶ್ರಮವು ಅರ್ಧವಾಗುತ್ತದೆ.

ಮಿಶನರಿ ಪರಂಪರೆಯ ಕನ್ನಡ ವ್ಯಾಕರಣಕಾರರು ‘ಬಂದಾನು’ ರೂಪವನ್ನು ಸಬ್ಜಂಕ್ಟಿವ್ ಎನ್ನದೆ ಸಂಭವಾರ್ಥಸೂಚಕವಾದ ಹೆಸರಿನಿಂದ ಕರೆದರು. 1914ರಲ್ಲಿ ಪ್ರಕಟವಾದ ಹೆರಾಲ್ಡ್ ಸ್ಪೆನ್ಸರರ ವ್ಯಾಕರಣದಲ್ಲಿಯೂ ಹಾಗೆಯೇ ಇದೆ. ತಮ್ಮ ಭಾಷೆಯ ಹೆಸರು ಕೈಗೆಟುಕುವಂತಿದ್ದರೂ ಅದನ್ನು ಹೇರದಿದ್ದುದು ಅವರ ವಿವೇಕ. ಸಂಭಾವನಾರ್ಥಕವೆಂಬ ಶಾಲಾವ್ಯಾಕರಣದ ಹೆಸರು ಈ ರೂಪಕ್ಕೆ ಒಪ್ಪುವುದೂ ಅದೇ ಕಾರಣದಿಂದ.

ಆದರೆ ಹೆಸರು ಉಳಿದು ರೂಪವು ಅಳಿಯುವ ಭಯವು ಕನ್ನಡಕ್ಕೂ ಇದೆ. ಈಚಿನ ಗದ್ಯದಲ್ಲಿ ‘ಬಂದಾನು’ ಎನ್ನಬೇಕಾದಲ್ಲಿ ‘ಬರಬಹುದು’ ಎಂದೇ ಹೆಚ್ಚಾಗಿ ಬರೆಯುತ್ತಾರೆ. ಆದೀತು, ಬಂದೀತು ಎಂಬ ಪ್ರಥಮಪುರುಷದ ರೂಪಗಳು ಕೇಳಿಬರುವಷ್ಟು ‘ಬಂದೇವು’ ಎಂಬುದು ಕೇಳಿಬರದು. ಫ್ರೆಂಚಿನಲ್ಲಿ ಆದುದೂ ಹೀಗೆಯೇ. ‘ಬರಬಹುದು’ ಎಂಬುದಕ್ಕೆ ಅಪ್ಪಣೆಯ ಅರ್ಥವೂ ಉಂಟು. ‘ಬಂದಾನು’ ಎಂಬುದಕ್ಕೆ ಇಲ್ಲ. ‘ಮಗು ಬಿದ್ದೀತು’ ಎಂದ ತಾಯಿಯ ಮಾತಿನಲ್ಲಿರುವ ಎಚ್ಚರಿಕೆಯು ‘ಮಗು ಬೀಳಬಹುದು’ ಎಂಬುದರಲ್ಲಿ ಅಷ್ಟಾಗಿ ಇಲ್ಲ. ಫ್ರೆಂಚರು ತಮ್ಮ ರೂಪವನ್ನು ಬಿಟ್ಟಾಗ ವರ್ತಮಾನ ಸಬ್ಜಂಕ್ಟಿವ್ ಅದರ ಅರ್ಥವನ್ನು ಹೊತ್ತುಕೊಂಡಿತು; ಆದುದರಿಂದ ಅವರಿಗಾದ ನಷ್ಟವು ಅಲ್ಪ. ಕನ್ನಡದಲ್ಲಿ ಅಂತಹ ಉತ್ತರಾಧಿಕಾರಿಯಿಲ್ಲ. ಈ ರೂಪವನ್ನು ಪರೀಕ್ಷೆಯ ಪಟ್ಟಿಗೆ ಮಾತ್ರ ಮೀಸಲಿಡದೆ ಪಾಠದ ವಾಕ್ಯಗಳಲ್ಲಿ ಬಳಸಿ ತೋರಿಸಿದರೆ, ಅದು ಉಳಿದೀತು.