ಒಣನಾಡಿನಲ್ಲಿ ಆರ್ದ್ರ ಬಲ್ಬಿನ ಉಷ್ಣತೆ: ಚಳ್ಳಕೆರೆ–ಮೊಳಕಾಲ್ಮೂರು ಪ್ರದೇಶವನ್ನು ಕುರಿತ ಒಂದು ವಿಚಾರ

ಚಿತ್ರದುರ್ಗ ಜಿಲ್ಲೆಯ ಈಶಾನ್ಯಕ್ಕೆ ಹಬ್ಬಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿರುವ, ಕರ್ನಾಟಕದಲ್ಲಿಯೇ ಅತ್ಯಲ್ಪ ಮಳೆ ಕಾಣುವ ಸೀಮೆಗೆ ಸೇರಿದವು. ಇಂತಹ ನಾಡಿನಲ್ಲಿ ನಿಂತು ಆರ್ದ್ರ ಬಲ್ಬಿನ ಉಷ್ಣತೆಯನ್ನು ಕುರಿತು ಚರ್ಚಿಸುವುದು, ಬೆವರು ಆರದ ಕರಾವಳಿಯ ಸಮಸ್ಯೆಯನ್ನು ಬಯಲುಸೀಮೆಗೆ ಹೊತ್ತು ತಂದಂತೆ ಕೆಲವರಿಗೆ ತೋರಬಹುದು. ಆದರೆ ಈ ಪರಿಮಾಣದ ಸ್ವರೂಪವೂ, ಅದರ ಮಾಪನದಲ್ಲಿ ಅಡಗಿರುವ ಅಪಾಯವೂ ಒಣಗಾಳಿಯಲ್ಲಿ ಪ್ರಕಟವಾಗುವಷ್ಟು ಸ್ಫುಟವಾಗಿ ಬೇರೆಲ್ಲಿಯೂ ಪ್ರಕಟವಾಗವೆಂಬುದು ಈ ಲೇಖಕನ ಅಭಿಪ್ರಾಯ.

ಉಷ್ಣಮಾಪಕದ ಬುಡ್ಡಿಗೆ ತೆಳುವಾದ ಮಸ್ಲಿನ್ ಬಟ್ಟೆಯನ್ನು ಸುತ್ತಿ, ಬತ್ತಿಯ ಮೂಲಕ ಅದಕ್ಕೆ ನೀರೂಡಿಸಿದರೆ, ನೀರು ಆವಿಯಾಗುವಾಗ ಬುಡ್ಡಿಯ ಶಾಖವನ್ನು ಗುಪ್ತೋಷ್ಣವಾಗಿ ಕೊಂಡೊಯ್ಯುತ್ತದೆ. ತಂಪಾದ ಬುಡ್ಡಿಗೆ ಸುತ್ತಣ ಗಾಳಿ ಮತ್ತೆ ಶಾಖವನ್ನು ನೀಡುತ್ತದೆ. ಈ ಹೋಗುಬರುವುಗಳು ಸಮನಾದಲ್ಲಿ ಪಾದರಸವು ನಿಲ್ಲುವ ಅಂಕವೇ ಆರ್ದ್ರ ಬಲ್ಬಿನ ಉಷ್ಣತೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುತ್ತಾ ಈ ಮಿತಿಯನ್ನು ಸಮೀಪಿಸೀತೇ ಹೊರತು ದಾಟಲಾರದು. ಪಕ್ಕದ ಒಣ ಉಷ್ಣಮಾಪಕದೊಡನೆ ಇದನ್ನು ಜೋಡಿಸಿ ಆರ್ದ್ರತಾಮಾಪಕವನ್ನು ರೂಪಿಸಿದ ಕೀರ್ತಿ ಜರ್ಮನಿಯ ಅರ್ನ್ಸ್ಟ್ ಆಗುಸ್ಟ್‌ನದು. ಬುಡ್ಡಿಗಳ ಮೇಲೆ ನಿಯತವೇಗದ ಗಾಳಿಯನ್ನು ಹಾಯಿಸುವ ಏರ್ಪಾಡನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಿಚರ್ಡ್ ಅಸ್‌ಮನ್ ಪರಿಪೂರ್ಣಗೊಳಿಸಿದನು. ನಿಶ್ಚಲವಾದ ಗಾಳಿಯಲ್ಲಿ ಬುಡ್ಡಿಯ ಸುತ್ತ ಆವಿಯ ಪದರವೊಂದು ನೆಲೆನಿಲ್ಲುವುದರಿಂದ ಓದಿಕೆ ನಿಜಕ್ಕಿಂತ ಮೇಲಕ್ಕುಳಿಯುತ್ತದೆ.

ಎರಡು ಓದಿಕೆಗಳಿಂದ ಆವಿಯ ಒತ್ತಡವನ್ನು ಗಣಿಸುವ ಸೂತ್ರದಲ್ಲಿ ವಾಯುಭಾರವೂ ಸೇರಿದೆ. ಚಳ್ಳಕೆರೆಯ ಎತ್ತರದಲ್ಲಿ ಅದು ಸುಮಾರು 945 ಹೆಕ್ಟೊಪಾಸ್ಕಲ್. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಣ ಬಲ್ಬು 38 ಡಿಗ್ರಿಯನ್ನೂ ಒದ್ದೆ ಬಲ್ಬು 21 ಡಿಗ್ರಿಯನ್ನೂ ತೋರಿತೆಂದು ಭಾವಿಸಿದರೆ, ಸಾಪೇಕ್ಷ ಆರ್ದ್ರತೆ ಶೇಕಡಾ 21ರ ಆಸುಪಾಸಿಗೆ ಬರುತ್ತದೆ. ಸಮುದ್ರಮಟ್ಟದ ಕೋಷ್ಟಕವನ್ನೇ ಬಳಸಿದರೆ ಒಂದಂಶ ಕಡಿಮೆ. ಇಂದಿನ ಸ್ವಯಂಚಾಲಿತ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಒದ್ದೆ ಬಟ್ಟೆಯೇ ಇರುವುದಿಲ್ಲ. ಉಷ್ಣತೆ, ಆರ್ದ್ರತೆಗಳಿಂದ ಆರ್ದ್ರ ಬಲ್ಬಿನ ಅಂಕವನ್ನು ಗಣಿತದಿಂದ ಪಡೆಯಬೇಕು. ಅದಕ್ಕೆ ಬಹುಜನಪ್ರಿಯವಾದ, 2011ರಲ್ಲಿ ರೋಲಂಡ್ ಸ್ಟಲ್ ಪ್ರಕಟಿಸಿದ ಸೂತ್ರವು ಸಮುದ್ರಮಟ್ಟದ ವಾಯುಭಾರಕ್ಕೆ ಹೊಂದಿಸಿದ್ದಾದ್ದರಿಂದ, ನಮ್ಮ ಉದಾಹರಣೆಯಂಥ ಸ್ಥಿತಿಯಲ್ಲಿ ಎತ್ತರದ ಕಾರಣದಿಂದಲೇ 0.3 ಡಿಗ್ರಿಯಷ್ಟು ಅಂತರ ಬೀಳುತ್ತದೆ. ಅಂತರ ಕಿರಿದು, ಈ ದೋಷವನ್ನು ಕ್ಷಮಿಸಬಹುದು.

ಕ್ಷಮಿಸಲಾಗದ ದೋಷವನ್ನು ಕಾಣಬೇಕಾದರೆ ರೇಷ್ಮೆಹುಳು ಸಾಕಣೆಯ ಮನೆಗೆ ಹೋಗಬೇಕು. ಮೊಳಕಾಲ್ಮೂರು ರೇಷ್ಮೆಸೀರೆಯ ಮಗ್ಗಗಳಿಗೆ ಹೆಸರಾದ ಊರು. ರೇಷ್ಮೆಯ ಮೂಲವಾದ ಹುಳುವಾದರೋ ಗಾಳಿಯ ತೇವವನ್ನೇ ನಂಬಿ ಬಾಳುವ ಪ್ರಾಣಿ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ಹುಳುಗಳಿಗೆ, 27 ಡಿಗ್ರಿ ಉಷ್ಣತೆ, ಶೇಕಡಾ 85ರಷ್ಟು ಆರ್ದ್ರತೆ ಹಿತವೆಂದೂ, ಕೊನೆಯ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳುಗಳಿಗೆ 24 ಡಿಗ್ರಿ, ಶೇಕಡಾ 70 ಸಾಕೆಂದೂ ರೇಷ್ಮೆಶಾಸ್ತ್ರವು ವಿಧಿಸುತ್ತದೆ. ಉಷ್ಣಮಾಪಕಗಳ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದರಲ್ಲಿ ಎರಡು ಓದಿಕೆಗಳ ನಡುವೆ 2 ಡಿಗ್ರಿ, ಎರಡನೆಯದರಲ್ಲಿ 4 ಡಿಗ್ರಿ ವ್ಯತ್ಯಾಸವಿರಬೇಕು. ಗೋಣಿತಾಟುಗಳನ್ನು ನೆನೆಸಿ ಕಿಟಕಿ, ಗೋಡೆಗಳಿಗೆ ಇಳಿಬಿಡುವ ರೈತನು ಸಾಧಿಸಲು ಹೆಣಗುವುದು ಈ ವ್ಯತ್ಯಾಸವನ್ನೇ.

ಆದರೆ ಒದ್ದೆ ಬುಡ್ಡಿಯ ಬತ್ತಿ ಅದ್ದಿರುವ ಬಟ್ಟಲಿಗೆ ಹಾಕುವ ನೀರು ಯಾವುದು? ಬಟ್ಟಿ ಇಳಿಸಿದ ನೀರು ಎಂದು ಶಾಸ್ತ್ರ. ಕೈಗೆಟುಕುವುದು ಕೊಳವೆಬಾವಿಯ ಗಡಸು ನೀರು. ಆವಿಯಾದ ನೀರು ತನ್ನ ಲವಣವನ್ನು ಬಟ್ಟೆಯಲ್ಲಿಯೇ ಬಿಟ್ಟುಹೋಗುವುದರಿಂದ, ಮಸ್ಲಿನ್ ಕ್ರಮೇಣ ಬಿರುಸಾಗಿ, ನೀರೇರುವುದು ಕುಂಠಿತವಾಗಿ, ಒದ್ದೆ ಬುಡ್ಡಿಯು ಅರೆಯೊಣಗಿದ ಬುಡ್ಡಿಯಾಗುತ್ತದೆ. ಒಣ ಬಲ್ಬು 30 ಡಿಗ್ರಿಯಲ್ಲಿರುವಾಗ ನಿಜವಾಗಿ 22 ತೋರಬೇಕಾದ ಒದ್ದೆ ಬಲ್ಬು 25 ತೋರಿತೆನ್ನೋಣ: ಗಾಳಿಯಲ್ಲಿ ಶೇಕಡಾ 50ರಷ್ಟೇ ಆರ್ದ್ರತೆಯಿದ್ದರೂ ಕೋಷ್ಟಕವು 67 ಎಂದು ಸಾರುತ್ತದೆ, ರೈತನು ನಿಶ್ಚಿಂತನಾಗಿರುತ್ತಾನೆ, ತಟ್ಟೆಯ ಹಿಪ್ಪುನೇರಳೆ ಸೊಪ್ಪು ಬಾಡುತ್ತದೆ. ಇಲ್ಲಿ ಗಮನಾರ್ಹವಾದುದು ದೋಷದ ದಿಕ್ಕು. ಬತ್ತಿ ಒಣಗಿದಷ್ಟೂ ಉಪಕರಣವು ಗಾಳಿ ತೇವವಾಗಿದೆಯೆಂದೇ ಸಾಕ್ಷಿ ನುಡಿಯುತ್ತದೆ. ಗಾಳಿ ಶುಷ್ಕವಾದಷ್ಟೂ ಬತ್ತಿ ಬೇಗ ಒಣಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಎರಡು ಓದಿಕೆಗಳ ಅಂತರವೇ ಅತ್ಯಲ್ಪವಾದ್ದರಿಂದ ಇಂಥ ಬತ್ತಿಯಿಂದ ಹಾನಿಯೂ ಅಲ್ಪ.

ಮನುಷ್ಯದೇಹದ ವಿಷಯದಲ್ಲಿಯೂ ಪೂರ್ವಪಕ್ಷವೊಂದಿದೆ. 35 ಡಿಗ್ರಿ ಆರ್ದ್ರ ಬಲ್ಬಿನ ಉಷ್ಣತೆಯನ್ನು ಮಾನವನು ದೀರ್ಘಕಾಲ ಸಹಿಸಲಾರನೆಂದು 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ತರ್ಕಿಸಿದರು. ಆ ಲೆಕ್ಕದಲ್ಲಿ ಚಳ್ಳಕೆರೆಯ 21 ಡಿಗ್ರಿ ಅತ್ಯಂತ ಕ್ಷೇಮಕರ. ಆದರೆ ಈ ತರ್ಕವು ದೇಹವನ್ನು ಸದಾ ತೊಯ್ದಿರುವ ಬಟ್ಟೆಯೆಂದು ಗ್ರಹಿಸುತ್ತದೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 2400 ಕಿಲೋಜೂಲ್ ಶಾಖ ದೇಹವನ್ನು ಬಿಟ್ಟುಹೋಗುತ್ತದೆ, ನಿಜ. ಆ ಲೀಟರನ್ನು ದೇಹ ಸ್ರವಿಸಬೇಕು, ಸ್ರವಿಸಿದ್ದನ್ನು ಕುಡಿಯುವ ನೀರು ತುಂಬಿಕೊಡಬೇಕು. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ತರುಣರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೇವದ ವಾತಾವರಣದಲ್ಲಿ ಈ ಮಿತಿ 31 ಡಿಗ್ರಿಯ ಹತ್ತಿರಕ್ಕೆ ಇಳಿದರೆ, ಬಿಸಿಯಾದ ಒಣ ವಾತಾವರಣದಲ್ಲಿ 25ರಿಂದ 28 ಡಿಗ್ರಿಗೇ ಇಳಿದುದು ಕಂಡುಬಂದಿತು. ಅಲ್ಲಿ ಸೋಲುವುದು ಗಾಳಿಯ ಹೀರುವ ಶಕ್ತಿಯಲ್ಲ, ಬೆವರಿನ ಪೂರೈಕೆ. ಆದ್ದರಿಂದ ಶೇಂಗಾ ಹೊಲದ ಕೂಲಿಗಾರನಿಗೂ ಕುರಿ ಕಾಯುವವನಿಗೂ ಬಿಸಿಲಿನ ಮುನ್ನೆಚ್ಚರಿಕೆ ನೀಡುವಾಗ ಆರ್ದ್ರ ಬಲ್ಬಿನ ಅಂಕವೊಂದನ್ನೇ ಅವಲಂಬಿಸದೆ, ಒಣ ಬಲ್ಬಿನ ಓದಿಕೆಯನ್ನೂ ಗಾಳಿ, ಬಿಸಿಲುಗಳನ್ನೂ ಜೊತೆಗಿಟ್ಟು ಪರಿಶೀಲಿಸತಕ್ಕದ್ದು. ಆ ಅಂಕವು ಗಣಿತದಿಂದಲ್ಲದೆ ಬತ್ತಿಯಿಂದ ಬಂದುದಾದರೆ, ಬಟ್ಟೆಯನ್ನು ಬದಲಿಸಿದ ದಿನಾಂಕವೂ ವೀಕ್ಷಣೆಯ ಪುಸ್ತಕದಲ್ಲಿ ಅದರ ಪಕ್ಕದಲ್ಲಿಯೇ ದಾಖಲಾಗಬೇಕು.