ಕೊಪ್ಪಳ ಸೀಮೆಯ ಎಣ್ಣೆ ಜಳಕ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮೈಕಾಂತಿಯ ಹಳೆಯ ಆರೈಕೆಗೆಲ್ಲ ಮೂಲ ಎಣ್ಣೆ ಜಳಕ. ಅದರ ಅರಮನೆಯ ರೂಪ 12ನೆಯ ಶತಮಾನದಲ್ಲೇ ಬರಹಕ್ಕಿಳಿದಿತ್ತು. ಇದೇ ಸೀಮೆಯ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಎದ್ದದ್ದು ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅವನ ಮಗ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಅರಸನ ಭೋಗಗಳನ್ನು ಹೇಳುವಾಗ ಸ್ನಾನವನ್ನೂ ಮೈಗೆ ಪೂಸುವ ಗಂಧಲೇಪನವನ್ನೂ ಬೇರೆ ಬೇರೆಯಾಗಿಯೇ ವಿವರಿಸುತ್ತದೆ.

ಹೆಚ್ಚು ಸ್ವಾರಸ್ಯದ ದಾಖಲೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಅವನ ಪ್ರಕಾರ, ಕೃಷ್ಣದೇವರಾಯ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಅದನ್ನೇ ಮೈತುಂಬ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಿನೊಡನೆ ಇಳಿಯುವ ತನಕ ಸಾಧನೆ ಮಾಡುತ್ತಿದ್ದ. ಕುಸ್ತಿ, ಕುದುರೆ ಸವಾರಿ ಮುಗಿದ ಮೇಲಷ್ಟೇ ಸ್ನಾನ. ಸೌಂದರ್ಯಕ್ಕಿಂತ ಇದು ಗರಡಿಯ ಶಿಸ್ತೆನ್ನುವುದೇ ಸರಿ. ಕೊಪ್ಪಳ ಸೀಮೆಗೆ ಇದು ದೂರದ ಮಾತಲ್ಲ: ಆ ರಾಜಧಾನಿಗೆ ನದಿಯ ಎದುರು ದಂಡೆಯಲ್ಲೇ ಇದೆ ಇದೇ ಸೀಮೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿ.

ಜನಸಾಮಾನ್ಯರಿಗೆ ಎರೆಹೊಲದ ಬೆಳೆಯೇ ಸಾಕಿತ್ತು: ಕುಸುಬೆಯಿಂದ ಎಣ್ಣೆ, ಕಡಲೆಯಿಂದ ಹಿಟ್ಟು. ಹಿಟ್ಟು ಮೈಯ ಜಿಡ್ಡನ್ನು ಹೀರುತ್ತದೆ. ಸೀಗೆಕಾಯಿಯಲ್ಲಿರುವ ಸಪೋನಿನ್ ಎಂಬ ಅಂಶ ನೊರೆಯಾಗಿ ಕೊಳೆ ಬಿಡಿಸುತ್ತದೆ. ಮದುಮಕ್ಕಳಿಗೆ ಹಚ್ಚುವ ಅರಿಷಿಣ ಮೊದಲಿಗೆ ಶಾಸ್ತ್ರ, ಆಮೇಲೆ ಆರೈಕೆ. ಅದರಿಂದ ಮೈಬಣ್ಣ ಬೆಳ್ಳಗಾಗುತ್ತದೆಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ.

ಹಿಟ್ಟು, ಸೀಗೆಕಾಯಿಗಳ ಜಾಗಕ್ಕೆ ಮುಂದೆ ಸಾಬೂನು ಬಂತು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸಾಬೂನು ಕಾರ್ಖಾನೆ 1910ರ ದಶಕದಲ್ಲಿ ಆರಂಭವಾದಾಗ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಿತ್ಯದ ಜಳಕ ಈಗ ಸಾಬೂನಿನದಾದರೂ, ದೀಪಾವಳಿಯ ಎಣ್ಣೆ ನೀರು ಮತ್ತು ಮದುವೆಯ ಅರಿಷಿಣ ಇಂದಿಗೂ ರೂಢಿಯಲ್ಲಿವೆ.